ಮೊಸರಿನ ಡಬ್ಬಿ ಹಿಂದ

ಮೊಸರಿನ ಡಬ್ಬಿ ಹಿಂದ ಒಂದು ಪುಡಿಕಿ ಸಿಕ್ತು.
ಒದ್ದಿ ಅರಬಿ, ಅದರೊಳಗ ಹಿಡಿ ಉಸುಕು,
ಉಸುಕಿನಾಗ ಬೀಜ.
ಮ್ಯಾಲ ಟೇಪು ಹಚ್ಚಿ ತಾರೀಖು ಬರದಿತ್ತು, ಏಪ್ರಿಲ್ ಇಪ್ಪತ್ತು.
"ಇದೇನ್ರೀ?" ಅಂದೆ.
"ಚಳಿಗಾಲ," ಅಂದ್ರು ನಮ್ಮನಿಯವರು,
ಡ್ರಿಲ್ ಹೊಡೆದು ಹೊಡೆದು ಕಿವಿ ಕಳಕೊಂಡವರ ದನಿಯಾಗ,
ಓಣಿಗೆಲ್ಲ ಕೇಳೂ ಹಂಗ.

ಹೊರಗ ಹಟ್ಟಿ ಕಾದ ಹಂಚು.
ನಳದ ನೀರಿಗೆ ಚಹಾಪುಡಿ ಹಾಕೂದೊಂದು ಬಾಕಿ.
ಆರು ವಾರ ಥಂಡಿ ಉಂಡ ಮ್ಯಾಲ
ಈ ಬೀಜ ಕಣ್ಣು ಬಿಡತಾವಂತ.
ನಮ್ಮೂರಾಗ ಥಂಡಿ ಎಲ್ಲೈತಿ?
ಕಡ ತಂದು ಮೊಸರಿನ ಹಂತ್ಯಾಕ ಇಟ್ಟಾರ.

ಮೂವತ್ತೊಂದು ವರ್ಷ ಬಂಗಾರದ ಗಣಿಗೆ ಇಳದ ಮನಷ್ಯಾ.
ಹೊತ್ತು ಹುಟ್ಟಾಕ ಮೊದಲ ಕೇಜು ಕೆಳಗ.
ಬಿಸಿಲಂದ್ರ ಅವರಿಗೆ
ರವಿವಾರದ ಸಾಮಾನು.
ರಿಟೈರ್ ಆದವರು ಪ್ಲಾಟ್ ತಗೊಂಡ್ರು, ಟ್ರ್ಯಾಕ್ಟರ್ ತಗೊಂಡ್ರು.
ಇವರು ರಾಯಚೂರಿನ ಕೃಷಿ ಮೇಳದಾಗ
ಈ ಪಾಕೀಟು ತಗೊಂಡು ಬಸ್ ಹತ್ತಿದ್ರು.
ಹಿಂದ ಬರದಿತ್ತು: ಇಡೀ ದಿನದ ಬಿಸಿಲು ಬೇಕು.
ಓದಿ ನಕ್ಕರು,
ನಕ್ಕು ನಕ್ಕು ಕೆಮ್ಮಿದ್ರು.

ಆಮ್ಯಾಲ ಸೀಮಿಸುಣ್ಣ ಹಿಡದು ಅಂಗಳದಾಗ ಕುಂತರು.
ನೀರಿನ ಟಾಕಿ ನೆರಳು ಸರದಂಗೆಲ್ಲ ಗೆರಿ ಕೊರದ್ರು,
ಎಂಟು, ಹತ್ತು, ಎರಡು, ನಾಕೂವರಿ.
ಬಂಡಿಗೆ ತೂತು ಗುರುತು ಹಾಕಿದವರಲ್ಲ, ಕೈ ಮರತಿಲ್ಲ.
ಹಾರಿ ತಗೊಂಡು ಮೊರಂ ಒಡದು ಹನ್ನೆರಡು ಕುಣಿ,
ಕುರಿ ಗೊಬ್ಬರ, ತುಸು ಹಳ್ಳದ ಉಸುಕು.
"ಮದ್ದು ತುಂಬೂದು ಯಾವಾಗ?" ಅಂದೆ.
ಕೇಳಸಲಿಲ್ಲ, ಇಲ್ಲಾ ಕೇಳಸಿದ್ರೂ ಬಿಟ್ರು.

ಮಿರಗಕ್ಕ ಊರಿದ್ರು. ಮೊದಲ ವರ್ಷ ಬರೇ ಎಲಿ,
ಒರಟ ಎಲಿ, ಆಡೂ ಮೂಸಿ ಬಿಟ್ಟ ಎಲಿ.
ಕಿತ್ತು ಬದನಿ ಹಚ್ರಿ ಅಂದೆ.
ಮುಂದಿನ ಬ್ಯಾಸಿಗ್ಯಾಗ ಎಲಿನೂ ಸುಟ್ಟು ಕರಕಾತು.
"ಸತ್ತಿಲ್ಲ, ಕೆಳಗ ಐತಿ," ಅಂದ್ರು.
ಕೆಳಗಿನ ಸುದ್ದಿ ನನಗೇನು ಗೊತ್ತು?
ಸುಮ್ಮನಾದೆ.

ಹೂ ಬಂದ್ವು, ಏಳು.
ಗುಲಾಬಿ ಪಕಳಿ ಹಿಂದಕ್ಕ ಬಾಗಿ,
ನಡುವ ತಾಮ್ರದ ಗುಬ್ಬಟ.
ಮುಟ್ಟಿದ್ರ ಚುಚ್ಚತೈತಿ,
ಎರಡು ದಿನ ಬೋಳಿಸದ ಗಲ್ಲದಂಗ.
ಜೈತುನಬಿ ಕಂಪೌಂಡಿನ ಮ್ಯಾಲಿಂದ ಇಣುಕಿ,
"ಹೆಸರೇನು ಹುಸೇನಪ್ಪಣ್ಣ?"
"ಕೋನ್ ಫ್ಲವರ್."
"ಮೆಹಂದಿ ಕೋನಾ?"
ಅವತ್ತಿಂದ ಓಣಿಗೆ ಅದು ಮೆಹಂದಿ ಹೂ.

"ಎರಡು ವರ್ಷಕ್ಕ ಏಳೇನ್ರೀ?" ಅಂದೆ ನಾ.
"ಒಂದು ಟನ್ ಕಲ್ಲು ಅರದ್ರ ಮೂರು ಗ್ರಾಮು.
ಅದರಾಗ ನಿನಗ ಮೂವತ್ತೊಂದು ವರ್ಷ ಉಣಿಸೀನಿ.
ಏಳು ಕಮ್ಮಿ ಅಂತಿ?"

ಆಷಾಢದ ಗಾಳಿಗೆ ಜೈತುನಬಿಯ ಸೂರ್ಯಕಾಂತಿ
ನೆಲಕ್ಕ ಮಲಗಿದ್ವು.
ಇವು ಕುಳ್ಳ ತಳಿ, ಮಣಕಾಲಮಟ,
ಆಸರದ ಕೋಲು ಬೇಡ, ದಾರ ಬೇಡ,
ತುಸು ತೂಗಿ ನಿಂತ್ವು.
ತಗ್ಗಿನ ಸುರಂಗದಾಗ ತಲಿ ತಗ್ಗಿಸಿ ನಡದವರು
ಗಿಡ ಆರಿಸಿದ್ದೂ ಅಂಥಾದ್ದನ.
ಈಗೂ ನೋಡ್ರಿ, ಬಾಗಲ ದಾಟೂಮುಂದ
ಇಲ್ಲದ ಛತ್ತಿಗೆ ಬಗ್ಗತಾರ.

ಒಣಗಿದ ಹೂ ಕತ್ತರಸಾಕ ಹೋದೆ,
ಮನಿಮುಂದ ಕರಿ ಬುರುಡಿ ಚಂದಲ್ಲ ಅಂತ.
ಕೈ ಹಿಡದ್ರು.
ಮರುದಿನ ರಾಟವಾಳ ಹಕ್ಕಿ ಬಂದ್ವು, ಏಳೆಂಟು,
ಒಂದೊಂದು ಬುರುಡಿ ಮ್ಯಾಲ ಒಂದೊಂದು ಕುಂತು
ಕುಟು ಕುಟು.
ಆ ಸಪ್ಪಳ ಇವರ ಕಿವಿಗೆ ಬೀಳಂಗಿಲ್ಲ.
ನನ್ನ ಮಾರಿ ನೋಡಿದ್ರು,
ನಾ ಅಂಗೈ ಮ್ಯಾಲ ಬೆರಳಿನಿಂದ ಕುಟ್ಟಿ ತೋರಿಸಿದೆ.
ಎರಡನೇ ಪಾಳಿ ಸೈರನ್ ಆದಾಗ
ತಲಿಮ್ಯಾಲ ಟವೆಲ್ ಹಾಕ್ಕೊಂಡು ಇನ್ನೂ ಅಲ್ಲೇ ನಿಂತಿದ್ರು,
ನಡು ಬಿಸಿಲಾಗ.

ಹಕ್ಕಿ ಬಿಟ್ಟದ್ದು ಒಂದು ಚಮಚ ಬೀಜ.
ಮತ್ತ ಏಪ್ರಿಲ್ ಬಂತು, ಮತ್ತ ಒದ್ದಿ ಅರಬಿ.
ಈ ಸಲ ತಾರೀಖು ನಾನ ಬರದೆ.
ಜೈತುನಬಿ ಹೆಪ್ಪಿಗೆ ಮೊಸರು ಕೇಳಾಕ ಬಂದಾಗ ಹೇಳೀನಿ:
ಜ್ವಾಕಿ ತಗಿ, ಬಾಗಲ ಭಾಳೊತ್ತು ತೆರದಿಡಬ್ಯಾಡ,
ಒಳಗ ಚಳಿಗಾಲ ಮಲಗೇತಿ.