ನೀರುಬಂಡಿಯ ಮೂಕಿ

ಮಲ್ಪೆಯಿಂದ ಟಾಟಾ ಏಸಿನಲ್ಲಿ ಬಂತು,
ಗೋಣಿತಾಟು ಹೊದ್ದು, ಮೂಗು ಚೂಪು, ಸೀಟೇ ಇಲ್ಲ.
‘ನಿಂತೇ ಓಡಿಸ್ಬೇಕು ಚಾಚಾ,’ ಅಂದ ತಿಪ್ಪೇಶಿ,
ಹಿರಿಯೂರಿನವ; ಅವನಜ್ಜ ವಾಣಿವಿಲಾಸದ ಹಿನ್ನೀರಲ್ಲಿ
ತೆಪ್ಪಕ್ಕೆ ಹುಟ್ಟು ಹಾಕಿ ಮೀನು ಹಿಡಿದವ.
ಮೂರು ಕೈ ಬದಲಾದ ಜೆಟ್ ಸ್ಕೀ.
ಎಷ್ಟು ಕೊಟ್ಟೆ ಅಂತ ನಾನು ಕೇಳಲಿಲ್ಲ,
ಕೇಳಿದ್ದರೆ ಬಯ್ಯಬೇಕಾಗುತ್ತಿತ್ತು.

ಹ್ಯಾಂಡಲ್ ಕಂಬ ಎತ್ತಿ ನೋಡಿದೆ.
ಎತ್ತು ಬಿಚ್ಚಿದ ಗಾಡಿಯ ಮೂಕಿ ಇದ್ದ ಹಾಗೆ
ಮೇಲೆ, ಕೆಳಗೆ, ಅಷ್ಟೇ ಅದರ ಲೆಕ್ಕ.
ಇದು ಎಡಕ್ಕೂ ಬಂತು, ಬಲಕ್ಕೂ ಬಂತು,
ನಡುವೆ ಒಂದು ಸಲ ಕಟಕ್ ಅಂತು.
‘ಅದೇ ಸದ್ದು ಚಾಚಾ. ನೀರಿನ ಮೇಲೆ ಅದು ಕೇಳಿದ್ರೆ
ಎದೆಯೊಳಗೇ ಮುರಿದಂಗಾಗುತ್ತೆ.’

ಬೋಲ್ಟು ನಾಲ್ಕು. ಸಮುದ್ರದ ಉಪ್ಪುಂಡವು;
ಉಪ್ಪಿನ ಋಣಕ್ಕೆ ಜಾಗ ಬಿಟ್ಟು ಏಳಲಿಲ್ಲ.
ಸೀಮೆಎಣ್ಣೆ ಕುಡಿಸಿ ರಾತ್ರಿಯೆಲ್ಲ ಬಿಟ್ಟೆ.
ಬೆಳಿಗ್ಗೆ ಎರಡು ಬಂದವು, ಒಂದು ಯೋಚಿಸಿ ಬಂತು,
ನಾಲ್ಕನೆಯದು ತಲೆ ಮಾತ್ರ ಕೊಟ್ಟಿತು.
ಮುಂಡವನ್ನು ಡ್ರಿಲ್ಲು ಹಾಕಿ ತೆಗೆಯುವಷ್ಟರಲ್ಲಿ
ಪಿ.ಬಿ. ರೋಡಿನಲ್ಲಿ ಶಾಲೆ ಬಿಟ್ಟಿತ್ತು.

ಬ್ರಾಕೆಟ್ಟಿನಡಿ ಎಂ-ಸೀಲು. ಎಂ-ಸೀಲಿನಡಿ ಸೈಕಲ್ ಟ್ಯೂಬು.
ಅದರಡಿ, ವಾಷರಿನ ಜಾಗದಲ್ಲಿ,
ಹೂವಿನಂಚಿನ ಹತ್ತು ಪೈಸೆ,
ನಟ್ಟನಡುವೆ ತೂತು.
ಯಾವನಯ್ಯಾ ಇವನು ಅಂತ ಬಯ್ಯಲು ಬಾಯಿ ತೆರೆದೆ,
ತೂತು ನೋಡಿ ಮುಚ್ಚಿಕೊಂಡೆ:
ಅಂಚಿನಲ್ಲಿ ಒಂದು ಗೀರಿಲ್ಲ, ಅಳತೆ ಕರಾರುವಾಕ್ಕು.
ಅಂಗಡಿ ಮುಚ್ಚಿದ್ದ ಭಾನುವಾರ ಇರಬೇಕು.

ಫೈಬರ್ ಕೆಲಸಕ್ಕೆ ಅಂಜಿನಪ್ಪನನ್ನು ಕರೆದೆ,
ಕಲ್ಯಾಣಮಂಟಪಗಳ ಬಾಗಿಲಿಗೆ ಆನೆ ಮಾಡುವವನು.
ತೂತುಗಳ ಸುತ್ತ ಗ್ರೈಂಡರ್ ಹಿಡಿದ;
ಬಿಳಿ ಪುಡಿ ಅವನ ರೆಪ್ಪೆಯ ಮೇಲೆ, ನನ್ನ ಚಹಾದ ಮೇಲೆ.
ಒಳಗಿನ ಫೋಮು ಹಿಂಡಿದರೆ ನೀರು.
‘ಇದೇನು ದಾದಾಪೀರಣ್ಣ, ಇನ್ನೂ ಸಮುದ್ರ ಐತಿ!’
ಬೆರಳದ್ದಿ ನೆಕ್ಕಿದ. ಉಪ್ಪೇ.
ಮೂರು ದಿನ ಒಣಗಲು ಬಿಟ್ಟು, ಮ್ಯಾಟು, ರೆಸಿನ್ನು,
ಮತ್ತೆ ಮ್ಯಾಟು. ಹಾರ್ಡನರ್ ಅರ್ಧ ಮುಚ್ಚಳ ಸಾಕಂತೆ,
ಉಳಿದರ್ಧ ದಾವಣಗೆರೆಯ ಬಿಸಿಲೇ ಹಾಕುತ್ತದಂತೆ.

ಒಳಬದಿಗೆ ಆಧಾರ ಬೇಕಿತ್ತು.
ಮಿಲ್ಲು ಮುಚ್ಚಿದಾಗ ಬಾಕಿ ಸಂಬಳದ ಬದಲು ಅಂತ
ನಾನೇ ನನಗೆ ಕೊಟ್ಟುಕೊಂಡ ಅಲ್ಯೂಮಿನಿಯಂ ತಗಡು
ಅಟ್ಟದ ಮೇಲಿತ್ತು. ‘ರಿಂಗ್ ಫ್ರೇಮ್ ೧೪’ ಅಂತ ಪಂಚು.
ಕತ್ತರಿಸುವಾಗ ೧೪ ಉಳಿಸಿಕೊಂಡೆ.
ಯಾರಿಗೂ ಕಾಣುವ ಕಡೆಯಲ್ಲ.

ಆಮೇಲೆ ಬುಷ್ಷು. ಲೇತಿಗೆ ನೈಲಾನ್ ಕೊಟ್ಟೆ,
ಬಿಳಿ ಸುರುಳಿ ಶಾವಿಗೆಯಾಗಿ ಇಳಿಯಿತು.
ಸ್ಪಿಂಡಲ್ಲಿಗೆ ಹದ ನೋಡಿದ ಬೆರಳಿಗೆ
ಹೇಳಿಕೊಡಬೇಕಾದ್ದಿಲ್ಲ: ಒಂದು ಕೂದಲು ಸಡಿಲ,
ಎರಡಾದರೆ ಮತ್ತೆ ಕಟಕ್.

ಟೆಸ್ಟಿಗೆ ನೀರೆಲ್ಲಿ? ಎರಡು ಲಾರಿ ಟೈರಿನ ಮೇಲಿಟ್ಟೆವು.
‘ನೀವೇ ನಿಲ್ರಿ ಚಾಚಾ.’
ನನಗೆ ಈಜು ಬಾರದು. ಕುಂದುವಾಡ ಕೆರೆಗೆ ಹೋದರೂ
ಏರಿ ಮೇಲೆ ನಡೆದು ಬರುವವ.
ಚಪ್ಪಲಿ ಬಿಟ್ಟು ಹತ್ತಿ, ಮೊಣಕಾಲು ತುಸು ಮಡಿಸಿ,
ಕಂಬ ಸೊಂಟದ ಮಟ್ಟಕ್ಕೆಳೆದು ನಿಂತೆ.
ಎದುರಿಗೆ ಬಸ್ಸು, ತಳ್ಳುಗಾಡಿ, ಧೂಳು.
ಕಂಬ ಅಲುಗಲಿಲ್ಲ, ನಾನು ಅಲುಗಿದೆ.
‘ನೀರಲ್ಲಿ ಇದು ನಿಂತ್ರೆ ಬೀಳುತ್ತೆ, ಓಡಿದ್ರೆ ನಿಲ್ಲುತ್ತೆ,’
ಅಂದ ಹುಡುಗ. ಟೀ ತಂದವನು ನಕ್ಕ.
ಇಳಿಯುವುದಕ್ಕೆ ಸ್ವಲ್ಪ ತಡ ಮಾಡಿದೆ.

ಆರುನೂರು ಬಾಕಿ ಉಳಿಸಿ ಹೋದ.
ಆ ಹತ್ತು ಪೈಸೆ ಕೇಳಿದ, ಕೊಡಲಿಲ್ಲ;
ಅದು ನನಗೂ ಮಲ್ಪೆಯವನಿಗೂ ಸೇರಿದ ವ್ಯವಹಾರ.
ಮೂರು ತಿಂಗಳಾಯಿತು, ಫೋನಿಲ್ಲ.
ಅಂದರೆ ಕಂಬ ಸರಿಯಿದೆ.