ಹಗಲು ಗಿಡ್ಡವಾಗುವ ತನಕ

ಮೊಣಕೈ ದಾಟಿದೆ ನನ್ನ ಎಡಗೈ ನಿನ್ನೊಳಗೆ, ಕಾಂತೆಸ್ಸಾ.
ನೀನೋ ಮೆಲುಕು ಹಾಕುತ್ತಿದ್ದೀಯ
ಯಾರದೋ ಮನೆಗೆ ಯಾರೋ ಬಂದಂತೆ.
ತೆಳ್ಳನೆ ಗೋಡೆಯಾಚೆ ಬೆರಳಿಗೆ ಸಿಗುತ್ತದೆ
ಅವರೆಕಾಳಿನಷ್ಟು ಅಂಡಾಶಯ:
ನುಣುಪು. ಗುಳ್ಳೆಯಿಲ್ಲ, ಉಬ್ಬಿಲ್ಲ.
ಈದು ತೊಂಬತ್ತು ದಿನ, ಇನ್ನೂ ನಿದ್ದೆ.

ಜನವರಿಯಲ್ಲಿ ಈದೆ. ಗಂಡುಕರು.
ನಾಲ್ಕನೇ ದಿನ ವ್ಯಾನು ಬಂತು,
ಗಿಣ್ಣದ ಹಾಲಿನ ಹಳದಿ ಇನ್ನೂ ಬಿಟ್ಟಿರಲಿಲ್ಲ.
ಆಮೇಲೆ ನೀನು ಯಾವುದನ್ನೂ ಕೂಗಿ ಕೇಳಲಿಲ್ಲ.

ಹೊರಗೆ ಸೆಲೆ ನದಿಯ ಬಯಲು. ಕಡಲಗಾಳಿ
ಆರ್ಟಿಚೋಕ್ ಹೊಲ ಹಾದು ಬಂದು ತಗಡು ಬಡಿಯುತ್ತದೆ.
ಹಗಲು ಉದ್ದವಾಗುತ್ತಿದೆ. ಅದೇ ತಕರಾರು.
ಕತ್ತಲು ಬೆಳೆದರೆ ಮಾತ್ರ ಬೆದೆಗೆ ಬರುವ ಜಾತಿ ನಿಮ್ಮದು;
ನಿನ್ನ ಅಜ್ಜಿಯ ಅಜ್ಜಿ ಜೌಗಿನಲ್ಲಿ ನಿಂತು ಕಲಿತ ಲೆಕ್ಕ,
ಕರು ಬೀಳುವ ಹೊತ್ತಿಗೆ ಹುಲ್ಲು ಇರಬೇಕೆಂದು.
ನೇಪಲ್ಸಿನವರಿಗೆ ಆ ಲೆಕ್ಕ ಬೇಡ.
ಜುಲೈ ಬಿಸಿಲಲ್ಲಿ, ದಡದ ಕೊಡೆಗಳಡಿಯಲ್ಲಿ,
ಟೊಮೆಟೊ ಜೊತೆ ಬಿಳಿ ಚೀಸಿನ ಉಂಡೆ ಬೇಕು.
ಅದಕ್ಕೆ ನೀನು ಫೆಬ್ರವರಿಯಲ್ಲಿ ಈಯಬೇಕು,
ಅದಕ್ಕೆ ಇವತ್ತು ನನ್ನ ಕೈ.

ಮೊದಲು ಈ ರಬ್ಬರಿನ ಸುರುಳಿ.
ಹತ್ತು ದಿನ ಒಳಗೇ ಕೂತು ನಿನ್ನ ಮೈಗೆ ಸುಳ್ಳು ಹೇಳುತ್ತದೆ:
ಬಸುರಾಗಿದ್ದೀಯ, ಸುಮ್ಮನಿರು.
ಏಳನೆಯ ದಿನ ಕುತ್ತಿಗೆಗೆ ಒಂದು ಸೂಜಿ.
ಸುರುಳಿ ಎಳೆದ ದಿನ ಇನ್ನೊಂದು, ಬಸುರಿ ಕುದುರೆಯ
ನೆತ್ತರಿಂದ ಇಳಿಸಿದ್ದು. ಆ ಕುದುರೆ ಯಾವ ದೇಶದ್ದೋ,
ಶೀಶೆಯ ಮೇಲೆ ಅದನ್ನು ಬರೆಯುವುದಿಲ್ಲ.
ಎರಡು ದಿನ ಬಿಟ್ಟು ಮೂರನೆಯದು.
ಮರುದಿನ, ಸಾರಜನಕದ ಹೊಗೆಯೊಳಗಿಂದ
ಎದ್ದು ಬರುತ್ತಾನೆ ನಿನ್ನ ವರ,
ಕಡ್ಡಿಗಾತ್ರದ ಕೋಣ.

ಬಾಗಿಲಲ್ಲಿ ಬಿಯಾಜೊ ನಗುತ್ತಾನೆ. ಎಪ್ಪತ್ತಾರು ವಯಸ್ಸು.
ಒಂದು ಕಾಲಕ್ಕೆ ನೂರು ಎಮ್ಮೆಗಳನ್ನು
ಒಂದೊಂದೇ ಹೆಸರು ರಾಗ ಎಳೆದು ಕರೆಯುತ್ತಿದ್ದವನು;
ಕರೆದವಳೊಬ್ಬಳೇ ಗುಂಪು ಬಿಟ್ಟು ಬರುತ್ತಿದ್ದಳು.
'ಮೂಕಬೆದೆ ಅಂತ ಬರೆದಿದ್ದೀಯಲ್ಲ, ಎರ್ಸೀಲಿಯಾ,
ಅವಳೇನು ಮೂಕಿಯೆ?
ರಾತ್ರಿ ಮೂರಕ್ಕೆ ಬಾಲ ಒಂದು ಬೆರಳು ಎತ್ತುತ್ತಾಳೆ.
ಆಗ ನೀನು ಸಲೇರ್ನೊದಲ್ಲಿ ಮಲಗಿರುತ್ತೀಯ.'

ಅದು ಏಪ್ರಿಲ್.
ಮುಂದಿನ ತಿಂಗಳು ಸ್ಕ್ಯಾನಿಂಗ್ ಪರದೆಯ ಬೂದಿಯಲ್ಲಿ
ಇಪ್ಪತ್ತೆರಡರಲ್ಲಿ ಹದಿಮೂರು ಕಪ್ಪು ಗುಳ್ಳೆ.
ಒಳ್ಳೆಯ ಫಲಿತಾಂಶ ಅಂದರು ಎಲ್ಲರೂ, ನಾನೂ ಅಂದೆ.
ನಿನ್ನಲ್ಲಿ ಬರೀ ಬೂದಿ.

ಒಡತಿ ನಿನ್ನ ಸಂಖ್ಯೆಗೆ ಕೆಂಪು ಚುಕ್ಕೆ ಇಟ್ಟಳು.
ಗೊಡ್ಡಿಗೆ ಮೇವು ಯಾಕೆ, ಸೋಮವಾರ ಲಾರಿ ಬರುತ್ತದೆ.
ಆಗ ನಾನು ಪೆನ್ನು ಇಸಕೊಂಡು ಬರೆದೆ:
'ಗರ್ಭಕೋಶ ಇನ್ನೂ ಮಾಗುತ್ತಿದೆ. ಅಕ್ಟೋಬರ್‌ವರೆಗೆ ಕಾಯುವುದು.'
ಯಾವ ಪಠ್ಯದಲ್ಲೂ ಇಲ್ಲದ ವಾಕ್ಯ.
ನಿನಗೆ ಒಂದು ಸುಳ್ಳು ಹೇಳಿದ್ದೆ, ರಬ್ಬರಿನ ಸುರುಳಿಯಲ್ಲಿ;
ನಿನಗೋಸ್ಕರ ಇನ್ನೊಂದು, ನೀಲಿ ಶಾಯಿಯಲ್ಲಿ.
ಬಿಯಾಜೊ ಓದಿದ. ಕೆಮ್ಮಿದ. ಮೇವಿನ ಗಾಡಿ ತಳ್ಳಿಕೊಂಡು ಹೋದ.

ಇವತ್ತು ಜೂನ್ ಇಪ್ಪತ್ತೊಂದು. ಎಂಟೂವರೆಯಾದರೂ
ಬೆಳಕು ಹೋಗಲೊಲ್ಲದು. ಮೂಗಷ್ಟೇ ಹೊರಗಿಟ್ಟು
ಕೆಸರುಹೊಂಡದಲ್ಲಿ ಮುಳುಗಿದ್ದೀಯ, ಕಾಂತೆಸ್ಸಾ,
ಯಾವ ಅವಸರವೂ ಇಲ್ಲದವಳ ಹಾಗೆ.
ನನಗಿದೆ.
ನಾಳೆಯಿಂದ ಹಗಲು ಚೂರುಚೂರೇ
ನಿನ್ನ ಕಡೆಗೆ ವಾಲುತ್ತದೆ.