ಕೈತೂಕ

ತರಬೇತಿಯಲ್ಲಿ ಕೊಟ್ಟ ಪ್ಲಾಸ್ಟಿಕ್ ಗೊಂಬೆಯ ಎಡಗಾಲು
ಸಿಟಿ ಬಸ್ಸಿನಲ್ಲೇ ಕಳಚಿ ಎಲ್ಲೋ ಬಿದ್ದಿತ್ತು.
ಹಜರಾಬಿ ಅದನ್ನೊಮ್ಮೆ ತಿರುಗಿಸಿ ನೋಡಿ
ಮೊಮ್ಮಗನ ಹಳೇ ಪೈಜಾಮಕ್ಕೆ ಮಂಡಕ್ಕಿ ತುಂಬಿ
ಸೊಂಟ ಹೊಲಿದು, ಮೇಲೊಂದು ಬಟ್ಟೆಯುಂಡೆ ಕಟ್ಟಿ
‘ತಗೊಳ್ರೀ ಟೀಚರಮ್ಮ, ಕೂಸು’ ಅಂದಳು.

ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿ.
ಪಾಳಿ ಮುಗಿಸಿ ಬಂದ ಏಳು ಜನ ತಾಯಂದಿರು,
ರೆಪ್ಪೆಯ ಮೇಲಿನ್ನೂ ಹೊಟ್ಟಿನ ಬೂದಿ,
ಅಂಗನವಾಡಿ ನೆಲದಲ್ಲಿ ಕಾಲು ಚಾಚಿ ಕೂತರು
ಎರೆಯುವಾಗ ಕೂರುವ ಹಾಗೆ, ಪಾದಗಳ ನಡುವೆ
ಒಂದು ಪುಟ್ಟ ತಲೆಗಾಗುವಷ್ಟು ಜಾಗ ಬಿಟ್ಟು.

‘ತಿಕ್ಕಬ್ಯಾಡ್ರೇ, ಪಾತ್ರೆ ಅಲ್ಲ ಅದು.
ರೊಟ್ಟಿ ಮೇಲೆ ನೀರು ಸವರ್ತೀರಲ್ಲ, ಅಷ್ಟು.
ತೊಡೆಯಿಂದ ಹಿಮ್ಮಡಿಗೆ, ಭುಜದಿಂದ ಬೆರಳಿಗೆ.
ಅದು ಮಕ ತಿರುವಿತೋ, ಕೈ ಎತ್ತಿಬಿಡ್ರಿ.’

ಮೂಗಿಗೆ ಎಣ್ಣೆ ಬಿಡಬಾರದು ಎಂದೆ.
‘ನಮ್ಮವ್ವ ನನಗ ಬಿಟ್ಟಿದ್ಲು’ ಗೊಣಗಿ
ಬಟ್ಟಲು ಹಿಂದಕ್ಕೆ ಸರಿಸಿದಳು.
ಎಣ್ಣೆಯೊಂದೇ ಎತ್ತರ ಬೆಳೆಸುವುದಿಲ್ಲ ಎಂದೆ,
ಎದೆಹಾಲು, ಮೊಟ್ಟೆ, ಕಾಯಿಸಿದ ನೀರು ಎಂದೆ.
ಏಳು ಮುಖಗಳೂ ಗೋಡೆಯ ಚಾರ್ಟಿನಂತೆ
ನನ್ನನ್ನೇ ನೋಡಿದವು.

ಮೆಹಜಬೀನ್ ಪೈಜಾಮದ ಕೂಸನ್ನು
ಮೊಣಕಾಲ ಮೇಲಿಟ್ಟುಕೊಂಡು ಸುಮ್ಮನೆ ಕೂತಳು.
ಕೈ ಆಡಲಿಲ್ಲ.
‘ಟೀಚರ್, ನನ್ನ ಸುಹೇಲನೂ ಇಷ್ಟೇ ಹಗುರ ಅದಾನ.’

ಹತ್ತು ತಿಂಗಳ ಹುಡುಗ. ನನ್ನ ರಿಜಿಸ್ಟರಿನಲ್ಲಿ
ಹೋದ ತಿಂಗಳು ಹಸಿರಿನೊಳಗೇ ಇದ್ದ.
ಮುಂದಿನ ತೂಕ ಇಪ್ಪತ್ತೈದಕ್ಕೆ.

‘ಹೋಗು, ಕರ್ಕೊಂಡು ಬಾ’ ಅಂದಳು ಹಜರಾಬಿ.

ನಲವತ್ತು ವರ್ಷ ಬಿಸಿ ಮರಳು ಜರಡಿ ಹಿಡಿದು
ಅವಳ ಅಂಗೈಯಲ್ಲಿ ರೇಖೆಗಳೇ ಉಳಿದಿಲ್ಲ.
ಎಳೆಯ ಮೈ ತರಚೀತೆಂದು
ಯಾವ ಕೂಸಿಗೂ ಎರೆಯುವುದ ಬಿಟ್ಟು ಆರು ವರ್ಷ.
ಈಗ ಆ ಅಂಗೈಯನ್ನು
ಮೆಹಜಬೀನಳ ಕೈಬೆನ್ನ ಮೇಲಿಟ್ಟಳು.
ಕೆಳಗಿನ ಕೈ ನಡುಗುತ್ತ ಹೊರಟಿತು,
ಮೇಲಿನದು ದಾರಿ ಹೇಳುತ್ತ.

‘ಪಕ್ಕೆ ಎಣಿಸು. ಕಣ್ಣು ಬ್ಯಾಡ, ಬೆರಳಿಂದ.
ನಾಳೆನೂ ಎಣಿಸು, ನಾಡಿದ್ದೂ.
ಕೈಗೆ ಎಷ್ಟು ಸಿಕ್ಕಾವೋ
ಅಷ್ಟು ಉಣಿಸೋದು ಬಾಕಿ ಐತಿ ಅಂತ ತಿಳಿ.’

ಸುಹೇಲ ಮೊದಲು ಅತ್ತ, ಆಮೇಲೆ
ಅವ್ವನ ಮೂಗುಬೊಟ್ಟು ಹಿಡಿದು ಎಳೆದ.
ನಾನು ಇಪ್ಪತ್ತೈದನ್ನು ಹೊಡೆದುಹಾಕಿ
ಇವತ್ತಿನ ತಾರೀಖು ಬರೆದೆ,
ತಕ್ಕಡಿ ಇಳಿಸಿದೆ. ಮುಳ್ಳು ಹಳದಿಯ ಕಡೆಗೆ.
ಮೆಹಜಬೀನಳಿಗೆ ಅದು ಗೊತ್ತೇ ಇತ್ತು.

ಸಂಜೆ ಬೀಗ ಹಾಕುವಾಗ ನೋಡಿದೆ:
ಸುಹೇಲನ ಅಕ್ಕ, ನಾಲ್ಕು ವರ್ಷದವಳು,
ಹೊಲಿಗೆ ಬಿಚ್ಚಿ, ಮೂಲೆಯಲ್ಲಿ ಕೂತು
ಆ ಕೂಸಿನ ಎಡಗಾಲನ್ನು ಪೂರಾ ತಿಂದು ಮುಗಿಸಿದ್ದಳು.